ಅಡಮಾನದ ಬದಲು ಒಂದು ಅಂದಾಜು

ಕಳೆದ ವರ್ಷದ ಯುಗಾದಿ ಮುಗಿದು ಒಂದು ವಾರವಾಗಿತ್ತು. ಸಂಜೆ ಜಗಲಿಯ ಮೇಲೆ ಕುಳಿತು ಪತ್ರಿಕೆ ತಿರುವುತ್ತಿದ್ದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯೊಬ್ಬಳು ಗೇಟು ತೆರೆದು ಒಳಬಂದು ನಮಸ್ಕರಿಸಿ, ತನ್ನ ತಂದೆಯ ಹೆಸರನ್ನು ಹೇಳಿದಳು. "ಹೊಲಿಗೆ ಅಂಗಡಿ ಇಡಬೇಕು ಅಂತಿದೀನಿ ಸಾರ್. ಮುದ್ರಾ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬೇಕಂತೆ. ನಮ್ಮ ಮೇಷ್ಟ್ರ ಹತ್ರ ಹೋಗು, ಬರೆದುಕೊಡ್ತಾರೆ ಅಂತ ಅಪ್ಪ ಕಳಿಸಿದ್ರು" ಎಂದಳು.

ಆ ಹೆಸರು ಕೇಳಿದೊಡನೆ ನನಗೆ ಮಾತು ಹೊರಡಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಅವಳ ತಂದೆಗೂ ಇಂಥದೇ ಒಂದು ವರದಿಯನ್ನು ಬರೆದುಕೊಟ್ಟವನು ನಾನೇ. ಅದರಿಂದ ಅವನಿಗೆ ಒಳಿತಾಗಲಿಲ್ಲ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಚರಿತ್ರೆ ಪಾಠ ಮಾಡಿಕೊಂಡು ಬಂದವನಾದ್ದರಿಂದ, ಒಬ್ಬನೇ ನಡೆಸುವ ಸಣ್ಣ ಅಂಗಡಿಯ ಬಾಗಿಲಿಗೆ ಈ ವರದಿ ಎಂಬ ಕಾಗದ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕೆನಿಸುತ್ತದೆ.

ನಮ್ಮ ನಾಡಿನ ವ್ಯಾಪಾರಿಗಳಿಗೆ ಬರವಣಿಗೆ ಹೊಸದಲ್ಲ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ 'ಕಡತ'ಗಳು ಕರ್ನಾಟಕದಲ್ಲಿ ಶತಮಾನಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿದವು. ಇಂದು ಕಚೇರಿಗಳಲ್ಲಿ ಫೈಲಿಗೆ ನಾವು ಕಡತವೆನ್ನುವುದು ಆ ಕಪ್ಪು ಬಟ್ಟೆಯ ನೆನಪೇ. ಖಿರ್ದಿ, ಖತಾವಣಿ, ರೋಕಡ ಪುಸ್ತಕ ಎಂಬ ಮಾತುಗಳನ್ನು ನಿಮ್ಮಲ್ಲಿ ಹಿರಿಯರಾದವರು ಕೇಳಿಯೇ ಇರುತ್ತೀರಿ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವ ಅಂಗಡಿಗಳು ಈಗಲೂ ಇವೆ. ಆದರೆ ಇವೆಲ್ಲವೂ ನಡೆದುಹೋದ ವ್ಯವಹಾರವನ್ನು ದಾಖಲಿಸುವ ಪುಸ್ತಕಗಳು. ಇನ್ನೂ ನಡೆಯದಿರುವ ವ್ಯಾಪಾರವನ್ನು ಬರೆದು, ಅದನ್ನು ತೋರಿಸಿ ಸಾಲ ಕೇಳುವ ಪದ್ಧತಿ ಸಣ್ಣವರ ಪಾಲಿಗೆ ತೀರಾ ಈಚಿನದು.

ಅದಕ್ಕೆ ಕಾರಣವೂ ಸರಳ. ಸಾಲ ಕೊಡುವವನು ಕೇಳುತ್ತಿದ್ದುದು 'ನೀನು ಏನು ಮಾಡುತ್ತೀಯೆ?' ಎಂದಲ್ಲ, 'ನಿನ್ನಲ್ಲಿ ಏನಿದೆ?' ಎಂದು. ಜಮೀನಿದ್ದರೆ ಪಹಣಿ, ಒಡವೆಯಿದ್ದರೆ ಒಡವೆ, ಎರಡೂ ಇಲ್ಲದಿದ್ದರೆ ಜಾಮೀನು ನಿಲ್ಲುವ ದೊಡ್ಡ ಮನುಷ್ಯ. ಮೂರೂ ಇಲ್ಲದವನಿಗೆ ಬಡ್ಡಿ ಸಾಹುಕಾರನೊಬ್ಬನೇ ಗತಿ.

ಈ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದವರು ನಮ್ಮ ಕರಾವಳಿಯವರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಷ್ಟದಲ್ಲಿದ್ದ ಕಾಲ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಸಂಗ್ರಹಕಾರನೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ 3 ರೂಪಾಯಿ 12 ಆಣೆ. ಮೊತ್ತ ದೊಡ್ಡದಲ್ಲ. ಆದರೆ ಯಾವ ದಿನ ಅಂಗಡಿಯವನು ಎರಡಾಣೆ ಕೊಟ್ಟ, ಯಾವ ದಿನ 'ನಾಳೆ ಬನ್ನಿ' ಎಂದ ಎಂಬುದು ಆ ಪುಟ್ಟ ಪುಸ್ತಕದಲ್ಲಿ ಉಳಿಯುತ್ತಿತ್ತು. ಅಂಗಡಿಯ ನಾಡಿಬಡಿತವೇ ಅಲ್ಲಿ ದಾಖಲಾಗುತ್ತಿತ್ತು ಎಂದು ನನಗನಿಸುತ್ತದೆ.

ಸ್ವಾತಂತ್ರ್ಯದ ನಂತರ ಈ ಕಿಂಡಿ ಬಾಗಿಲಾಗುತ್ತ ಬಂತು. 1955ರಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಮರುವರ್ಷವೇ ಕೆಲವು ಕೇಂದ್ರಗಳಲ್ಲಿ ಸಣ್ಣ ಕೈಗಾರಿಕೆಗಳಿಗೆ ಸಾಲ ಕೊಡುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. 1967ರಲ್ಲಿ ಅದು, ಸ್ವಂತ ಬಂಡವಾಳವಿಲ್ಲದಿದ್ದರೂ ತಾಂತ್ರಿಕ ತಿಳಿವಳಿಕೆಯುಳ್ಳವರಿಗೆ ನೆರವಾಗುವ ಯೋಜನೆಯೊಂದನ್ನು ತಂದಿತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆಸ್ತಿಯಿಲ್ಲದವನಿಗೆ ಸಾಲ ಕೊಡುವುದಾದರೆ ಬ್ಯಾಂಕಿನವನು ಏನನ್ನು ನೋಡಿ ಕೊಡಬೇಕು? ಅವನ ಕಸುಬನ್ನು, ಅವನ ಅಂದಾಜನ್ನು. ಯಂತ್ರಕ್ಕೆಷ್ಟು, ಸರಕಿಗೆಷ್ಟು, ಎಷ್ಟು ಮಾರುತ್ತದೆ, ಕಂತು ಹೇಗೆ ಕಟ್ಟುತ್ತೀಯೆ? ಇವುಗಳಿಗೆ ಉತ್ತರ ಬರೆದ ಕಾಗದವೇ ಪ್ರಾಜೆಕ್ಟ್ ರಿಪೋರ್ಟ್. ಪಹಣಿ ಇದ್ದ ಜಾಗದಲ್ಲಿ ಅಂದಾಜು ಬಂದು ಕುಳಿತಿತು. ಬಡವನಾದವನಿಗೆ 'ನಾಳೆ ನಾನು ಹೀಗೆ ಬದುಕುತ್ತೇನೆ' ಎಂದು ಬರೆದು ತೋರಿಸುವ ಹಕ್ಕು ದೊರೆತದ್ದು ಸಣ್ಣ ಸಂಗತಿಯಲ್ಲ.

ಆ ಅಂದಾಜಿಗೆ ಎಷ್ಟು ತೂಕ ಬಂತೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಸಣ್ಣ ಉದ್ದಿಮೆಗಳ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 1991ರಲ್ಲಿ ಪಿ.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಸೂತ್ರ ಇದು: ವರ್ಷದಲ್ಲಿ ಆಗಬಹುದಾದ ವಹಿವಾಟಿನ ಶೇಕಡಾ 25ರಷ್ಟು ದುಡಿಯುವ ಬಂಡವಾಳ ಬೇಕಾಗುತ್ತದೆ, ಅದರಲ್ಲಿ ವಹಿವಾಟಿನ ಶೇಕಡಾ 20ನ್ನು ಬ್ಯಾಂಕು ಕೊಡಬೇಕು, 5ನ್ನು ಮಾಲೀಕ ಹಾಕಬೇಕು. ಶೇಕಡಾ 25 ಎಂದರೆ ಮೂರು ತಿಂಗಳು. ಹಾಕಿದ ಹಣ ಮೂರು ತಿಂಗಳಲ್ಲಿ ಮರಳಿ ಕೈಗೆ ಬರುತ್ತದೆ ಎಂಬ ಎಣಿಕೆ. ನಾಲ್ಕು ಲಕ್ಷದ ವಹಿವಾಟಾಗುತ್ತದೆಂದು ಒಪ್ಪಿಗೆಯಾದರೆ ಎಂಬತ್ತು ಸಾವಿರ ಬ್ಯಾಂಕಿನದು, ಇಪ್ಪತ್ತು ಸಾವಿರ ನಿಮ್ಮದು. ಅಂದರೆ ನಾಳೆಯ ಬಗ್ಗೆ ನೀವು ಬರೆದ ಒಂದು ಅಂಕಿಯಿಂದಲೇ ಇಂದಿನ ಸಾಲ ನಿರ್ಧಾರವಾಗುತ್ತದೆ. ಆ ಅಂಕಿಯನ್ನು ಹಿಗ್ಗಿಸುವ ಆಸೆ ಯಾರಿಗೆ ಬಾರದು?

ಈಗ ನನ್ನ ತಪ್ಪಿನ ಕಥೆ.

1993ರ ಅಕ್ಟೋಬರ್ 2ರಂದು ವಿದ್ಯಾವಂತ ನಿರುದ್ಯೋಗಿಗಳಿಗಾಗಿ ಪ್ರಧಾನಮಂತ್ರಿ ರೋಜಗಾರ್ ಯೋಜನೆ ಜಾರಿಗೆ ಬಂತು. ಒಂದು ಲಕ್ಷ ರೂಪಾಯಿಯವರೆಗಿನ ಯೋಜನೆಗಳಿಗೆ ಅಡಮಾನವಿಲ್ಲದೆ ಸಾಲ. 1995ರ ಫೆಬ್ರವರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಬೈಂಡಿಂಗ್ ಕೆಲಸ ಕಲಿತಿದ್ದ, ಕೈ ಬಲು ಅಚ್ಚುಕಟ್ಟು. ಶಾಲಾ ನೋಟ್‌ಬುಕ್ ತಯಾರಿಸಿ ಮಾರುವ ಆಸೆ. 75,000 ರೂಪಾಯಿ ಸಾಲ ಬೇಕಿತ್ತು. "ಸಾರ್, ನೀವು ಬರೆದುಕೊಟ್ಟರೆ ಬ್ಯಾಂಕಿನವರು ನಂಬುತ್ತಾರೆ" ಎಂದ. ಈ ಮಾತಿಗೆ ನಾನು ಸ್ವಲ್ಪ ಉಬ್ಬಿದೆನೆಂದೇ ಹೇಳಬೇಕು.

ಎರಡು ರಾತ್ರಿ ಕುಳಿತು ಬರೆದೆ. ತಿಂಗಳಿಗೆ 200 ಡಜನ್; ವರ್ಷಕ್ಕೆ 2,400. ಡಜನಿಗೆ 50 ರೂಪಾಯಿಯಂತೆ ವಹಿವಾಟು 1,20,000. ಕಾಗದ, ರಟ್ಟು, ದಾರ, ಅಂಟು ಸೇರಿ ಡಜನಿಗೆ 35 ಖರ್ಚು, ಉಳಿಯುವುದು 15. ತಿಂಗಳಿಗೆ 3,000. ಅದರಲ್ಲಿ ಕಂತು 1,800 ಕಳೆದರೂ 1,200 ಉಳಿಯಿತಲ್ಲ! ಕೆಂಪು ಶಾಯಿಯಲ್ಲಿ ಕೆಳಗೆರೆ ಎಳೆದು, ಒಳ್ಳೆಯ ಅಕ್ಷರದಲ್ಲಿ ಪ್ರತಿ ಮಾಡಿ ಕೊಟ್ಟೆ.

ನಾನು ಹೈಸ್ಕೂಲ್ ಮೇಷ್ಟ್ರು. ಮಕ್ಕಳು ನೋಟ್‌ಬುಕ್ ಕೊಳ್ಳುವುದು ಯಾವಾಗ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಜೂನ್‌ನಲ್ಲಿ ಶಾಲೆ ತೆರೆದಾಗ, ಬಿಟ್ಟರೆ ದಸರಾ ರಜೆ ಮುಗಿದ ಮೇಲೆ ಅಷ್ಟಿಷ್ಟು. ಆದರೂ ವರ್ಷದ ಹನ್ನೆರಡು ತಿಂಗಳೂ ಇನ್ನೂರಿನ್ನೂರು ಡಜನ್ ಮಾರಿಬಿಟ್ಟೆ, ಕಾಗದದ ಮೇಲೆ. ಸಾಲ ಮಂಜೂರಾಗಿ ಹಣ ಕೈಗೆ ಬಂದದ್ದು ಆಗಸ್ಟಿನಲ್ಲಿ. ಆ ವೇಳೆಗೆ ಮಕ್ಕಳೆಲ್ಲ ನೋಟ್‌ಬುಕ್ ಕೊಂಡು ಮುಗಿದಿತ್ತು. ನಮ್ಮ ಮಲೆನಾಡಿನ ಮಳೆಗೆ ಕಾಗದ ತಂಪು ಹಿಡಿದು ಅಂಚು ಸುರುಟಿಕೊಂಡಿತು. ಕೊಂಡ ಅಂಗಡಿಯವರು 'ಹಬ್ಬ ಕಳೆಯಲಿ' ಎಂದು ಉದ್ರಿ ಬರೆಸಿದರು. ಆ ಉದ್ರಿಗೆ ನನ್ನ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಅವನು ಊಟ ಮಾಡಬೇಕು, ತಾಯಿಗೆ ಔಷಧಿ ತರಬೇಕು ಎಂಬುದಕ್ಕೂ ಸಾಲಿರಲಿಲ್ಲ. ಉಳಿದ 1,200ರಲ್ಲಿ ಹೇಗೋ ಆಗುತ್ತದೆಂದುಕೊಂಡಿದ್ದೆ. ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ತಾಯಿಯ ಬಳೆ. 1997ರಲ್ಲಿ ಕಟಿಂಗ್ ಮೆಷಿನ್ ಮಾರಿ, ಬೆಂಗಳೂರಿನ ಪ್ರೆಸ್ಸೊಂದಕ್ಕೆ ಕೆಲಸಕ್ಕೆ ಹೋದ. ಸಾಲವನ್ನು ಪೂರ್ತಿ ತೀರಿಸಿದ್ದು 2001ರಲ್ಲಿ.

ಆಮೇಲೊಮ್ಮೆ ಜಾತ್ರೆಯಲ್ಲಿ ಸಿಕ್ಕಿದ್ದ. ನಾನೇ ಮಾತೆತ್ತಿ ತಪ್ಪಾಯಿತೆಂದೆ. ಅವನು, "ಹಾಗನ್ನಬೇಡಿ ಸಾರ್. ನೀವು ಬರೆದದ್ದರಲ್ಲಿ ಒಂದು ಗುಣಾಕಾರವೂ ತಪ್ಪಿರಲಿಲ್ಲ" ಎಂದ. ಕೊಂಕಿನಿಂದ ಹೇಳಿದ್ದಲ್ಲ, ನಿಜಕ್ಕೂ ಸಮಾಧಾನ ಮಾಡಲೆಂದೇ ಹೇಳಿದ. ನನಗೆ ಮಾತ್ರ ಆ ಮಾತು ಇಂದಿಗೂ ಚುಚ್ಚುತ್ತದೆ.

ಸಾಲ ಕೊಟ್ಟರೆ ಸಾಲದು, ಲೆಕ್ಕ ಹಾಕುವುದನ್ನೂ ಕಲಿಸಬೇಕು ಎಂಬ ತಿಳಿವು ನಮ್ಮ ನಾಡಿನಲ್ಲಿ ಅದಕ್ಕೂ ಮೊದಲೇ ಮೂಡಿತ್ತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕುಗಳೂ ಕೂಡಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿ, ನಿರುದ್ಯೋಗಿ ಯುವಕರಿಗೆ ಸ್ವಉದ್ಯೋಗದ ತರಬೇತಿಯನ್ನು ಆರಂಭಿಸಿದ್ದವು. ಮುಂದೆ ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳು ತೆರೆದವು. ಅವನನ್ನು ಅಲ್ಲಿಗೆ ಕಳುಹಿಸಬೇಕೆಂದು ನನಗೆ ತೋಚಲಿಲ್ಲ. ಬರೆದುಕೊಡಲು ಗೊತ್ತಿದ್ದವನಿಗೆ ಕಲಿಸಬೇಕೆಂಬುದು ಮರೆತುಹೋಗಿತ್ತು. ಮೇಷ್ಟ್ರಾದವನಿಗೆ ಇದಕ್ಕಿಂತ ದೊಡ್ಡ ಮರೆವು ಇನ್ನೇನಿದೆ?

ಹೀಗಿರುವಾಗ ಅವನ ಮಗಳೇ ಬಂದು ನನ್ನ ಜಗಲಿಯಲ್ಲಿ ಕುಳಿತಿದ್ದಳು.

"ನಾನು ಬರೆದುಕೊಡುವುದಿಲ್ಲಮ್ಮ. ನಾನು ಕೇಳುತ್ತೇನೆ, ನೀನು ಬರಿ" ಎಂದೆ. ಅವಳ ಮುಖ ಸಪ್ಪಗಾಯಿತು. ಒಂದು ನೋಟ್‌ಬುಕ್ ತಂದು, ಹನ್ನೆರಡು ತಿಂಗಳಿಗೆ ಹನ್ನೆರಡು ಅಂಕಣ ಹಾಕಿಸಿದೆ. ಯಾವ ತಿಂಗಳು ಎಷ್ಟು ಕೆಲಸ ಬರುತ್ತದೆ? ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಏಪ್ರಿಲ್, ಮೇ ಮದುವೆಗಳ ಕಾಲ, ರವಿಕೆಗಳ ರಾಶಿ. ಜೂನ್‌ನಲ್ಲಿ ಶಾಲೆಯ ಸಮವಸ್ತ್ರ. "ಆಷಾಢದಲ್ಲಿ ಮದುವೆ ಇರಲ್ಲ ಸಾರ್, ಮಳೆ ಬೇರೆ" ಎಂದು ತಾನಾಗಿಯೇ ಅಲ್ಲಿ ಸಣ್ಣ ಅಂಕಿ ಬರೆದಳು. ಶ್ರಾವಣದಿಂದ ದೀಪಾವಳಿಯವರೆಗೆ ಮತ್ತೆ ಕೆಲಸ. ಬಟ್ಟೆ ಕೊಂಡುಹೋದವರು ಹಣ ಯಾವಾಗ ಕೊಡುತ್ತಾರೆ? ನಾಲ್ಕರಲ್ಲಿ ಒಬ್ಬರು ಮುಂದಿನ ತಿಂಗಳು. ನಿನ್ನ ಕೂಲಿ ಎಷ್ಟು? "ಅಂಗಡಿ ನಂದೇ ಅಲ್ವಾ ಸಾರ್, ನಂಗ್ಯಾಕೆ ಕೂಲಿ?" ಎಂದು ನಕ್ಕಳು. ನಾನು ನಗಲಿಲ್ಲ. ಹದಿನೈದು ದಿನ ಜ್ವರ ಬಂದು ಮಲಗಿದರೆ? ಅವಳು ಬಹಳ ಹೊತ್ತು ಸುಮ್ಮನಿದ್ದು, "ನಾನು ಮಲಗಿದ್ರೆ ಅಂಗಡೀನೂ ಮಲಗುತ್ತೆ" ಎಂದಳು. ಹಾಗಾದರೆ ಅದನ್ನೂ ಬರಿ ಎಂದೆ.

ಮೂರು ಸಂಜೆ ಹಿಡಿಯಿತು. ಮೊದಲು ಎರಡು ಲಕ್ಷ ಕೇಳಬೇಕೆಂದಿದ್ದವಳು, ಕೊನೆಗೆ ಒಂದು ಹೊಲಿಗೆ ಯಂತ್ರಕ್ಕೂ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರಕ್ಕೂ ಆಗುವಷ್ಟು, 50,000ದೊಳಗಿನ ಶಿಶು ಸಾಲವೇ ಸಾಕೆಂದಳು. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆಯಲ್ಲಿ ಅದೇ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಹಣ ಮಾರ್ಚ್‌ಗೆ ಮೊದಲು ಬಂದರೆ ಮಾತ್ರ ಮದುವೆಗಳ ಕಾಲಕ್ಕೆ ಒದಗುತ್ತದೆಂದು ಅವಳೇ ಲೆಕ್ಕ ಹಾಕಿ, ಆ ವರ್ಷದ ಅವಸರವನ್ನು ಬಿಟ್ಟಳು. ಅಲ್ಲಿಯವರೆಗೆ ಮನೆಯ ಹಳೆಯ ಯಂತ್ರದಲ್ಲಿಯೇ ಹೊಲಿಯುತ್ತ ತಿಂಗಳು ತಿಂಗಳಿನ ಲೆಕ್ಕ ಬರೆದಿಟ್ಟು, ಅಂದಾಜಿಗೂ ನಿಜಕ್ಕೂ ಎಷ್ಟು ಅಂತರವೆಂದು ನೋಡುವುದಾಗಿ ಹೇಳಿದಳು. ಬ್ಯಾಂಕಿಗೆ ಕೊಡುವ ನಮೂನೆಯನ್ನು ಕಂಪ್ಯೂಟರ್ ಅಂಗಡಿಯವನು ತುಂಬಿಕೊಟ್ಟಾನು. ಆದರೆ ಅದರೊಳಗಿನ ಅಂಕಿಗಳು ಅವಳವು.

ಸಣ್ಣ ವ್ಯಾಪಾರ ಆರಂಭಿಸಬೇಕೆಂದು ನಿಮ್ಮಲ್ಲಿಯೂ ಕೆಲವರು ಆಗಾಗ ಫೋನ್ ಮಾಡುತ್ತೀರಿ. ಒಬ್ಬರೇ ನಡೆಸುವ ಅಂಗಡಿಯಲ್ಲಿ ಮಾಲೀಕನೂ ನೀವೇ, ಆಳೂ ನೀವೇ, ಗುಮಾಸ್ತನೂ ನೀವೇ. ಎದುರು ಕುಳಿತು 'ಇದು ಹೇಗಾದೀತು?' ಎಂದು ಕೇಳುವವರು ಇಲ್ಲ. ಕೇಳುವ ಆ ಒಬ್ಬನ ಕೆಲಸವನ್ನು ಕಾಗದ ಮಾಡುತ್ತದೆ, ನೀವೇ ನಿಮ್ಮ ಕೈಯಿಂದ ಬರೆದರೆ ಮಾತ್ರ. ಆಸ್ತಿಯಿಲ್ಲದವನ ಅಂದಾಜಿಗೆ ಬೆಲೆ ಬರಲು ಈ ದೇಶದಲ್ಲಿ ಹಲವು ದಶಕಗಳೇ ಬೇಕಾದವು. ಅದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಿ ಹಗುರಮಾಡಿಕೊಳ್ಳಬೇಡಿ.

ಈ ವರ್ಷ ಫೆಬ್ರವರಿಯ ಕೊನೆಯಲ್ಲಿ ಅವಳ ಸಾಲ ಮಂಜೂರಾಯಿತು. ಮೊನ್ನೆ ಅವಳ ತಂದೆ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಸಾರ್, ಆಷಾಢದಲ್ಲಿ ಕೆಲಸ ಕಡಿಮೆ ಅಂತ ಮೊದಲೇ ಬರೆದಿದ್ದಾಳಂತಲ್ಲ!" ಎಂದು ಹೆಮ್ಮೆಯಿಂದ ಹೇಳಿದ. ಹೌದಪ್ಪ, ಅವಳೇ ಬರೆದದ್ದು ಎಂದೆ.