ಅಬ್ದುಲ್ ಅಜೀಜ್ ಕಲಿಸಿದ ಲೆಕ್ಕ

ಮುಸ್ಲಿಂ ವಿದ್ವಾಂಸರೊಬ್ಬರು ಅರ್ಥಶಾಸ್ತ್ರ ಬರೆದರೆ ಅದು ಬಡ್ಡಿರಹಿತ ಬ್ಯಾಂಕಿನ ವಿಷಯವಾಗಿರಬೇಕು, ಇಲ್ಲವೇ ಮೀಸಲಾತಿಯ ಪರ ವಕಾಲತ್ತಾಗಿರಬೇಕು ಎಂದು ನಂಬಿದವರು ಈಚೆಗೆ ಹೆಚ್ಚಾಗಿದ್ದಾರೆ. ಪ್ರೊ. ಅಬ್ದುಲ್ ಅಜೀಜ್ ಅವರನ್ನೂ ಹಾಗೆಯೇ ಓದುವುದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಗುಬ್ಬಿ, ತುಮಕೂರುಗಳಲ್ಲಿ ಮೂರು ದಶಕ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ ಬಡವರ ದುಡಿಮೆಯನ್ನು ಲೆಕ್ಕಕ್ಕೆ ತರುವುದು ಹೇಗೆಂದು ತೋರಿಸಿದ್ದು ಅವರ ಪುಸ್ತಕಗಳು.

ಬಡವರ ದುಡಿಮೆಯ ಅಧ್ಯಯನದ ಹಿಂದಿನ ಕಥೆ ಚಿಕ್ಕದು. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ನೋಡಿದ್ದು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು. 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಸಮೀಕ್ಷೆ ಮಾಡಿಸಿತು, ನಿಜ. ಆದರೆ ಯಾರು ಹಿಂದುಳಿದವರು ಎಂಬುದೇ ಅದರ ಪ್ರಶ್ನೆ. ಅವರು ಹೇಗೆ ದುಡಿಯುತ್ತಾರೆ, ಆ ದುಡಿಮೆ ಎಲ್ಲಿ ಸೋರಿಹೋಗುತ್ತದೆ ಎಂಬುದು ಅದರ ಕೆಲಸವಾಗಿರಲಿಲ್ಲ.

1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ಮೇಲೆ ಗಾಳಿ ಬದಲಾಯಿತು. ಅಜೀಜ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. 1980ರಲ್ಲಿ ಅವರು ಬರೆದದ್ದು ಕೃಷಿ ಕೂಲಿಕಾರರನ್ನು ಸಂಘಟಿಸುವ ಬಗ್ಗೆ, 1984ರಲ್ಲಿ ನಗರದ ಬಡವರು ಮತ್ತು ಅನೌಪಚಾರಿಕ ವಲಯದ ಬಗ್ಗೆ. ಘಾನಾದ ಅಕ್ರಾ ನಗರದ ಬೀದಿಗಳನ್ನು ನೋಡಿ ಮಾನವಶಾಸ್ತ್ರಜ್ಞ ಕೀತ್ ಹಾರ್ಟ್ ಆ ವಲಯಕ್ಕೆ ಹೆಸರಿಟ್ಟು ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಕೂಲಿಕಾರ, ತಳ್ಳುಗಾಡಿಯವ, ಸಣ್ಣ ಕಸುಬಿನವ ಇವರೇ ಅಜೀಜರ ಅರ್ಥಶಾಸ್ತ್ರದ ಜನ. ಧರ್ಮದ ಪ್ರಶ್ನೆ ಅವರಿಗೆ ಎದುರಾದದ್ದು ಆಮೇಲೆ, ಈ ದುಡಿಮೆಯ ದಾರಿಯಿಂದಲೇ.

ಆ 1984ರ ಪುಸ್ತಕ ಓದಿ ತುಮಕೂರಿನ ಗಲ್ಲಿಯೊಂದಕ್ಕೆ ಹೋಗಿದ್ದೆ. ಹೊಸ್ತಿಲ ಬಳಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸು. ನೆನೆಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ, ತುದಿ ಮಡಚಿ, ದಾರ ಬಿಗಿಯಬೇಕು. 25ಕ್ಕೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಗುತ್ತಿಗೆದಾರ ಎಲೆಯನ್ನು ತೂಕ ಮಾಡಿ ಕೊಡುತ್ತಾನೆ. ಹರಿದ ಎಲೆ ಬಂದರೂ ಸಾವಿರ ಬೀಡಿ ಸಾವಿರವೇ ಆಗಬೇಕು. “ಎಲೆ ಸಾಲ್ದೆ ಬಂದ್ರೆ ಕೈಯಿಂದ ಹಾಕ್ಬೇಕು ಸಾರ್,” ಅಂದರು ಆಕೆ. ಕೂಲಿಯ ದರ ಗೊತ್ತಿದ್ದ ನನಗೆ, ಕೂಲಿಯಾಳೇ ಕಚ್ಚಾ ಮಾಲಿಗೂ ದುಡ್ಡು ಹಾಕುತ್ತಾಳೆಂಬುದು ಗೊತ್ತಿರಲಿಲ್ಲ.

ಆಮೇಲೆ ಪಂಚಾಯಿತಿಗಳ ಕಾಲ. 1983ರ ಕಾಯ್ದೆ, 1987ರ ಜನವರಿಯ ಜಿಲ್ಲಾ ಪರಿಷತ್ ಚುನಾವಣೆ, ಅದರ ಹಿಂದೆ ‘ನೀರ್ ಸಾಬ್’ ಎಂದೇ ಜನ ಕರೆದ ಸಚಿವ ಅಬ್ದುಲ್ ನಜೀರ್ ಸಾಬ್. 1988ರಲ್ಲಿ ಅವರು ತೀರಿಕೊಂಡರು. ಆ ಪ್ರಯೋಗವನ್ನು ಒರೆಗೆ ಹಚ್ಚಿದ್ದು ಕರ್ನಾಟಕದ ವಿಕೇಂದ್ರೀಕೃತ ಯೋಜನೆಯ ಮೇಲೆ ಅಜೀಜ್ 1993ರಲ್ಲಿ ಪ್ರಕಟಿಸಿದ ಪುಸ್ತಕ. ಜಿಲ್ಲೆಗೆ ಬಂದ ಹಣದಲ್ಲಿ ಹೆಚ್ಚಿನ ಪಾಲು ಸಂಬಳಕ್ಕೆ, ಮೇಲಿನಿಂದ ಇಳಿದ ಯೋಜನೆಗಳಿಗೆ ಕಟ್ಟಿಬಿದ್ದಿತ್ತು. ಜಿಲ್ಲೆಯೇ ಯೋಚಿಸಿ ಖರ್ಚು ಮಾಡಲು ಉಳಿಯುವುದೆಷ್ಟು ಎಂಬುದು ಇಂದಿಗೂ ಕೇಳಬೇಕಾದ ಪ್ರಶ್ನೆ. ನಂತರದ ಪಂಚಾಯಿತಿ ಅಧ್ಯಯನಗಳಲ್ಲಿ ಬಹುಪಾಲು ತರಬೇತಿ ಕೈಪಿಡಿಯ ಮಟ್ಟಕ್ಕೆ ಇಳಿದವೆಂದು ಹೇಳಲು ನನಗೆ ಸಂಕೋಚವಿಲ್ಲ.

ಅಜೀಜ್ ಅಲ್ಪಸಂಖ್ಯಾತರ ಸ್ಥಿತಿಗತಿಯತ್ತ ತಿರುಗಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. 2006ರ ಸಾಚಾರ್ ವರದಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 12.2, ಸರ್ಕಾರಿ ನೌಕರಿಯಲ್ಲಿ ಶೇ. 8.5. ಆದರೆ 2001ರ ಜನಗಣತಿಯಲ್ಲಿ ಅವರ ಸಾಕ್ಷರತೆ ಶೇ. 70.1, ಇಡೀ ರಾಜ್ಯದ್ದು ಶೇ. 66.6. ಹೆಚ್ಚು ಮಂದಿ ಪಟ್ಟಣ, ಪೇಟೆಗಳಲ್ಲಿ ಇರುವುದರಿಂದ ಸರಾಸರಿ ಮೇಲೇರುತ್ತದೆ. ಈ ಅಂಕಿಯೊಂದನ್ನೇ ಹಿಡಿದು ‘ಅವರಿಗೇನು ಕಮ್ಮಿ’ ಎನ್ನುವವರು ಅಜೀಜರನ್ನು ಓದಿಲ್ಲ.

ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ 35 ಸೂಚ್ಯಂಕಗಳಿಂದ ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ಗುಬ್ಬಿ, ಕುಣಿಗಲ್ ಎರಡೂ ಆ ಪಟ್ಟಿಯಲ್ಲಿವೆ. ನಂಜುಂಡಪ್ಪನವರ ವರದಿಯಲ್ಲಿ ತಾಲ್ಲೂಕು ಇದೆ, ಸಮುದಾಯ ಇಲ್ಲ. ಸಾಚಾರ್ ವರದಿಯಲ್ಲಿ ಸಮುದಾಯ ಇದೆ, ತಾಲ್ಲೂಕು ಇಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮಾರುಕಟ್ಟೆಯಲ್ಲಿ ಹಣ್ಣು ಹೊರುವವನು, ಗುತ್ತಿಗೆ ಹಿಡಿದ ಮರದ ಹುಣಸೆಗೆ ಮನೆಯಲ್ಲಿ ಕೂತು ಬೀಜ ಬಿಡಿಸುವವಳು ಈ ಎರಡರ ನಡುವೆ ಕಳೆದುಹೋಗಿದ್ದಾರೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಣಿಗಲ್ ಪಟ್ಟಣದಲ್ಲಿ ಮನೆಯಲ್ಲೇ ಕೂಲಿ ಮಾಡುವ ಹೆಂಗಸರ ಬಗ್ಗೆ ಪಿಎಚ್.ಡಿ. ಮಾಡಲು ಹೊರಟಾಗ, ವಿಷಯ ತೀರಾ ಸಣ್ಣದು, ಒಂದು ತಾಲ್ಲೂಕಿನಿಂದ ಏನು ಸಿಗುತ್ತದೆ ಎಂದು ಕೆಲವರು ಅಂದರಂತೆ. ಆಕೆ ಬಿಡಲಿಲ್ಲ. ರಜೆಯ ದಿನ ಬೀದಿ ಬೀದಿ ಸುತ್ತಿ ಮನೆಪಟ್ಟಿ ಮಾಡುತ್ತಿದ್ದಾಳೆ. ಹೋದ ತಿಂಗಳು ಪ್ರಶ್ನಾವಳಿ ತಂದು ತೋರಿಸಿದಳು. ಕೂಲಿಯ ಕಾಲಂ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ‘ಕೈಯಿಂದ ಹಾಕಿದ ದುಡ್ಡು’ ಎಂದು ಬರೆಸಿದೆ.