ಎರಡು ಜಾಲಗಳ ನಡುವಿನ ಬಾಗಿಲು

ಡೊಂಬಿವಲಿ ಸ್ಟೇಶನ್ನಿನ ಹೊರಗೆ, ರಾತ್ರಿ ಹನ್ನೊಂದು ದಾಟಿದ ಮೇಲೆ ಎಸ್‌ಟಿಡಿ ಬೂತಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವರಲ್ಲಿ ನಾನೂ ಒಬ್ಬ. ಆ ಹೊತ್ತಿಗೆ ದರ ಇಳಿಯುತ್ತಿತ್ತು. ಗಾಜಿನ ಗೂಡಿನೊಳಗೆ ಮೀಟರಿನ ಕೆಂಪು ಅಂಕಿ ಓಡಿದಂತೆ ನಮ್ಮ ಮಾತೂ ಓಡುತ್ತಿತ್ತು. ‘ಅಮ್ಮಾ, ಮಳೆ ಬಂತೇ? ನಾಟಿ ಆಯ್ತೇ?’ ಅಷ್ಟೆ. ಉಳಿದದ್ದು ಮುಂದಿನ ವಾರಕ್ಕೆ.

1995ರಲ್ಲಿ ಮೊಬೈಲ್ ಬಂದಾಗ ಮುಂಬಯಿ ವಲಯಕ್ಕೆ ಎರಡೇ ಖಾಸಗಿ ಕಂಪೆನಿಗಳು. ಬಂದ ಕರೆಗೂ ದುಡ್ಡು ತೆರಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಪೈಪೋಟಿ ಹೆಚ್ಚಿದಂತೆ ದರ ಇಳಿಯಿತು, ನಮ್ಮ ಮಾತು ಉದ್ದವಾಯಿತು. ಹಾಗಾಗಿ ಪೈಪೋಟಿಯ ಕುರಿತ ಒಂದು ದೊಡ್ಡ ವ್ಯಾಜ್ಯ ನಮ್ಮ ನೆರೆಯಲ್ಲೇ ಹುಟ್ಟಿದಾಗ ಅದನ್ನು ನಾನು ಬಿಡದೆ ಗಮನಿಸಿದೆ.

ಥಾಣೆ-ಬೇಲಾಪುರ ರಸ್ತೆಯ ಘನ್ಸೋಲಿಯಲ್ಲಿ ರಿಲಯನ್ಸ್ ಕಂಪೆನಿಯ ವಿಶಾಲ ಆವರಣವಿದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಯಿತು. ಕರೆ ಉಚಿತ ಎಂದದ್ದೇ ಜನ ಸಿಮ್ಮಿಗಾಗಿ ಮುಗಿಬಿದ್ದರು. ಆದರೆ ಒಂದು ಕಂಪೆನಿಯ ಕರೆ ಇನ್ನೊಂದರ ಗ್ರಾಹಕನನ್ನು ತಲಪಬೇಕಾದರೆ ಎರಡೂ ಜಾಲಗಳು ಕೂಡುವ ಒಂದು ಬಾಗಿಲು ಬೇಕು. ಇದನ್ನು ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್ ಎನ್ನುತ್ತಾರೆ. ಬಾಗಿಲು ಕಿರಿದಾದರೆ ಕರೆ ಅಲ್ಲೇ ಸತ್ತುಹೋಗುತ್ತದೆ. ನಿಯಮದಂತೆ ಈ ಬಾಗಿಲಲ್ಲಿ ಸಾವಿರಕ್ಕೆ ಐದು ಕರೆಗಳಿಗಿಂತ ಹೆಚ್ಚು ವಿಫಲವಾಗಬಾರದು.

ಏರ್‌ಟೆಲ್, ವೊಡಾಫೋನ್, ಐಡಿಯಾ ಬೇಕೆಂದೇ ಸಾಕಷ್ಟು ಬಾಗಿಲು ತೆರೆಯುತ್ತಿಲ್ಲ ಎಂದು ಜಿಯೋ ದೂರಿತು. ಉಚಿತದ ಆಸೆ ತೋರಿಸಿ ಒಮ್ಮೆಗೇ ಕರೆಗಳ ಪ್ರವಾಹ ಹರಿಸಿದರೆ ತಾವೇನು ಮಾಡಬೇಕು ಎಂಬುದು ಆ ಕಂಪೆನಿಗಳ ವಾದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಪರಿಶೀಲಿಸಿ, 2016ರ ಅಕ್ಟೋಬರ್ 21ರಂದು ಮೂವರ ಮೇಲೂ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕುವಂತೆ ಶಿಫಾರಸು ಮಾಡಿತು.

ಅಷ್ಟರಿಂದ ಜಿಯೋ ಸುಮ್ಮನಾಗಲಿಲ್ಲ. ಮೂವರೂ ತಮ್ಮ ಸಂಘದ ಮೂಲಕ ಕೈಜೋಡಿಸಿ ತನ್ನನ್ನು ತಡೆದಿದ್ದಾರೆ, ಇದು ಕಾರ್ಟೆಲ್ ಎಂದು ಭಾರತೀಯ ಸ್ಪರ್ಧಾ ಆಯೋಗದ ಮೆಟ್ಟಿಲೇರಿತು. ತಮಾಷೆಯೆಂದರೆ ಆ ಸಂಘದಲ್ಲಿ ಜಿಯೋ ಕೂಡ ಸದಸ್ಯ! 2017ರ ಏಪ್ರಿಲ್ 21ರಂದು ಆಯೋಗ ತನಿಖೆಗೆ ಆದೇಶಿಸಿತು. ಅತ್ತ ಏರ್‌ಟೆಲ್ ಕೂಡ, ಜಿಯೋ ಉಚಿತ ಸೇವೆ ಕೊಟ್ಟು ಉಳಿದವರನ್ನು ಮುಳುಗಿಸುತ್ತಿದೆ ಎಂದು ಅದೇ ಆಯೋಗಕ್ಕೆ ದೂರಿತು. ಆಗಷ್ಟೇ ಬಂದ ಕಂಪೆನಿ ಮಾರುಕಟ್ಟೆಯ ಯಜಮಾನನಲ್ಲ ಎಂದು ಆಯೋಗ ಜೂನ್‌ನಲ್ಲಿ ಆ ದೂರನ್ನು ಮುಚ್ಚಿತು.

ತನಿಖೆಯ ಆದೇಶವನ್ನು ಕಂಪೆನಿಗಳು ಮುಂಬಯಿ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. 2017ರ ಸೆಪ್ಟೆಂಬರ್ 21ರಂದು ಹೈಕೋರ್ಟು ಅದನ್ನು ರದ್ದುಪಡಿಸಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ 2018ರ ಡಿಸೆಂಬರ್ 5ರಂದು ತೀರ್ಪು ಕೊಟ್ಟು ಮೇಲ್ಮನವಿಯನ್ನು ವಜಾ ಮಾಡಿತು. ತೀರ್ಪಿನ ಸಾರ ಇಷ್ಟು: ಬಾಗಿಲು ತೆರೆಯಬೇಕಿತ್ತೇ, ಎಷ್ಟು ತೆರೆಯಬೇಕಿತ್ತು ಎಂಬುದು ತಾಂತ್ರಿಕ ವಿಷಯ; ಅದನ್ನು ಮೊದಲು ಟ್ರಾಯ್ ತೀರ್ಮಾನಿಸಲಿ. ತಪ್ಪು ನಡೆದಿದೆ, ಕೂಡಿಯೇ ಮಾಡಿದ್ದಾರೆ ಎಂದು ಕಂಡುಬಂದರೆ ಆಮೇಲೆ ಸ್ಪರ್ಧಾ ಆಯೋಗ ನೋಡಬಹುದು. ಆಯೋಗಕ್ಕೆ ಅಧಿಕಾರವಿಲ್ಲವೆಂದಲ್ಲ, ಅದರ ಸರದಿ ಇನ್ನೂ ಬಂದಿಲ್ಲ.

ಕಾನೂನಿನ ದೃಷ್ಟಿಯಿಂದ ಇದು ಒಪ್ಪತಕ್ಕ ಮಾತೇ. ಒಂದೇ ಸಂಗತಿಯನ್ನು ಎರಡು ಸಂಸ್ಥೆಗಳು ಒಮ್ಮೆಗೇ ಕೆದಕಿ, ಒಂದು ಹೌದೆಂದು ಇನ್ನೊಂದು ಅಲ್ಲವೆಂದರೆ ಗೊಂದಲವಲ್ಲವೇ? ಆದರೆ ಇತಿಹಾಸ ಸರದಿಗಾಗಿ ಕಾಯುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಆರೋಪ ಹೊತ್ತ ಮೂರು ಕಂಪೆನಿಗಳು ಎರಡಾಗಿದ್ದವು. ಅದೇ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾಗಿದ್ದವು. ಏರ್‌ಸೆಲ್ ದಿವಾಳಿಯಾಗಿತ್ತು. ಟೆಲಿನಾರ್ ಏರ್‌ಟೆಲ್‌ನೊಳಗೆ ಸೇರಿಹೋಗಿತ್ತು. ದಂಡದ ನೋಟೀಸು ಹೊರಟದ್ದು 2021ರಲ್ಲಿ, ಶಿಫಾರಸಾಗಿ ಐದು ವರ್ಷಕ್ಕೆ. ಯಾರ ಕಚೇರಿಯಲ್ಲಿ ವಿಚಾರಣೆ ಎಂಬುದು ಇತ್ಯರ್ಥವಾಗುವುದರೊಳಗೆ ಮಾರುಕಟ್ಟೆಯೇ ಬದಲಾಗಿತ್ತು. ನಿಜಕ್ಕೂ ಕೂಟ ಕಟ್ಟಿದ್ದರೇ ಎಂಬ ಮೂಲ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಉತ್ತರವಿಲ್ಲ. ಅದು ಉತ್ತರಿಸಿದ್ದು ಯಾರು ಮೊದಲು ಕೇಳಬೇಕು ಎಂಬುದಕ್ಕೆ ಮಾತ್ರ.

2024ರ ಜುಲೈ ಮೊದಲ ವಾರದಲ್ಲಿ, ಉಳಿದ ಮೂರೂ ಖಾಸಗಿ ಕಂಪೆನಿಗಳು ಒಂದೆರಡು ದಿನದ ಅಂತರದಲ್ಲಿ ದರ ಏರಿಸಿದವು. ಬೆಲೆ ಒಟ್ಟಿಗೆ ಏರಿದ ಮಾತ್ರಕ್ಕೆ ಒಪ್ಪಂದವಿತ್ತೆಂದು ಕಾನೂನು ಹೇಳುವುದಿಲ್ಲ, ನಾನೂ ಹೇಳಲಾರೆ. ಆದರೆ ಒಂದು ಕಂಪೆನಿ ಸರಿಬರದಿದ್ದರೆ ಇನ್ನೊಂದಕ್ಕೆ ಹೋಗುತ್ತೇವೆ ಎನ್ನಲು ಈಗ ಹೆಚ್ಚು ಬಾಗಿಲುಗಳು ಉಳಿದಿಲ್ಲ. ಬೂತಿನ ಸಾಲಿನಲ್ಲಿ ನಿಂತು ಮೀಟರು ನೋಡಿದ ನಮ್ಮ ತಲೆಮಾರಿಗಾದರೂ ಇದರ ಬೆಲೆ ಗೊತ್ತಿರಬೇಕು.