ವೈಬ್ರಫೋನ್ ವಾದನತಂತ್ರದ ಇತಿಹಾಸ

ವೈಬ್ರಫೋನ್: ಪಿಯಾನೋ ಮನೆಗಳ ಕ್ರಮದಲ್ಲಿ ಜೋಡಿಸಿದ ಲೋಹದ ಪಟ್ಟಿಗಳನ್ನು ಮ್ಯಾಲೆಟ್‌ಗಳಿಂದ, ಎಂದರೆ ತುದಿಯ ಉಂಡೆಗೆ ನೂಲು ಸುತ್ತಿದ ಕೋಲುಗಳಿಂದ, ನುಡಿಸುವ ವಾದ್ಯ. ಸಾಮಾನ್ಯವಾಗಿ ಮೂರು ಸ್ಥಾಯಿಗಳ 37 ಪಟ್ಟಿಗಳಿರುತ್ತವೆ. ಪಟ್ಟಿಗಳ ಕೆಳಗಿನ ಕೊಳವೆಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳು ನಾದಕ್ಕೆ ಏರಿಳಿತ ಕೊಡುತ್ತವೆ. ಮರದ ಪಟ್ಟಿಗಳ ಜೈಲೋಫೋನಿನಲ್ಲಿ ಸ್ವರ ಹುಟ್ಟಿದೊಡನೆ ಆರುತ್ತದೆ. ಇಲ್ಲಿ ಅದು ಬಹುಹೊತ್ತು ಮೊಳಗುತ್ತದೆ. ಈ ದೀರ್ಘನಾದವನ್ನು ಅಂಕೆಯಲ್ಲಿಡುವ ಬಗೆಯನ್ನು ಕಂಡುಕೊಂಡದ್ದೇ ವಾದನತಂತ್ರದ ಇತಿಹಾಸದ ಮುಖ್ಯ ಎಳೆ.

ಆರಂಭ: ಅಮೆರಿಕದ ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿಯಲ್ಲಿ ಹರ್ಮನ್ ವಿಂಟರ್‌ಹಾಫ್ 1916ರ ಸುಮಾರಿಗೆ ಪ್ರಯೋಗ ಆರಂಭಿಸಿದರು. 1920ರ ದಶಕದ ಆರಂಭದಲ್ಲಿ ಉಕ್ಕಿನ ಪಟ್ಟಿಗಳ ವಾದ್ಯ ಮಾರುಕಟ್ಟೆಗೆ ಬಂತು. ಅದಕ್ಕೆ ಪೆಡಲ್ ಇರಲಿಲ್ಲ. ವೇಗವಾಗಿ ನುಡಿಸಿದರೆ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. 1927ರಲ್ಲಿ ಷಿಕಾಗೋದ ಡೀಗನ್ ಕಂಪನಿಯ ಹೆನ್ರಿ ಶ್ಲೂಟರ್ ಅಲ್ಯೂಮಿನಿಯಂ ಪಟ್ಟಿಗಳನ್ನೂ ಕಾಲಿನಿಂದ ನಾದ ತಡೆಯುವ ಪೆಡಲನ್ನೂ ಅಳವಡಿಸಿದರು. ಇಂದಿನ ವಾದ್ಯದ ರೂಪ ನೆಲೆಗೊಂಡದ್ದು ಆಗಲೇ.

ಎರಡು ಕೋಲುಗಳ ಕಾಲ: 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಧ್ವನಿಮುದ್ರಣವೊಂದರಲ್ಲಿ ಡ್ರಮ್ ವಾದಕ ಲಯನಲ್ ಹ್ಯಾಂಪ್ಟನ್ ಇದನ್ನು ನುಡಿಸಿದರು, 1936ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿ ವಾದ್ಯಕ್ಕೆ ಜಾಜ್‌ನಲ್ಲಿ ಸ್ಥಾನ ಗಳಿಸಿಕೊಟ್ಟರು. ಅವರ ವಾದನದ ಬಲ ಲಯದಲ್ಲಿತ್ತು. ಮಾಡರ್ನ್ ಜಾಜ್ ಕ್ವಾರ್ಟೆಟ್‌ನ ಮಿಲ್ಟ್ ಜ್ಯಾಕ್ಸನ್ ಮೋಟಾರನ್ನು ನಿಧಾನಗೊಳಿಸಿ ಹಾಡುಗಾರಿಕೆಯ ಗುಣ ತಂದರು.

ನಾಲ್ಕು ಕೋಲುಗಳು: ಕೈಗೆರಡರಂತೆ ಕೋಲು ಹಿಡಿಯುವ ರೂಢಿ ಮೊದಲೇ ಇತ್ತು. 1960ರ ದಶಕದಲ್ಲಿ ಗ್ಯಾರಿ ಬರ್ಟನ್ ಅದನ್ನು ವೈಬ್ರಫೋನಿನ ಸಹಜ ಭಾಷೆಯಾಗಿಸಿದರು. ಕೋಲುಗಳು ಅಂಗೈಯಲ್ಲಿ ಒಂದನ್ನೊಂದು ದಾಟುವ ಅವರ ಹಿಡಿತ ‘ಬರ್ಟನ್ ಗ್ರಿಪ್’ ಎಂದೇ ಪ್ರಸಿದ್ಧ. ಪಿಯಾನೋ ವಾದಕ ಬಿಲ್ ಎವನ್ಸ್‌ರಿಂದ ಪ್ರಭಾವಿತರಾದ ಬರ್ಟನ್ ಮಧುರಪಂಕ್ತಿಯನ್ನೂ ಅದರ ಸ್ವರಮೇಳವನ್ನೂ ಒಬ್ಬರೇ ನುಡಿಸಿದರು. ಈ ಬಗೆಯ ಏಕವ್ಯಕ್ತಿ ವಾದನದ ಅವರ ‘ಅಲೋನ್ ಅಟ್ ಲಾಸ್ಟ್’ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಮರದ ಪಟ್ಟಿಗಳದೇ ಇನ್ನೊಂದು ವಾದ್ಯವಾದ ಮರಿಂಬಾದ ವಾದಕರಲ್ಲಿ ಕ್ಲೇರ್ ಓಮರ್ ಮಸ್ಸರ್ ಅವರ ಹಿಡಿತ ಬೇರೆ. ಅದರಲ್ಲಿ ಕೋಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ಲೀ ಹೋವರ್ಡ್ ಸ್ಟೀವನ್ಸ್ ಅದನ್ನು ಪರಿಷ್ಕರಿಸಿ 1979ರಲ್ಲಿ ಪಠ್ಯರೂಪಕ್ಕೆ ತಂದರು.

ಅಭ್ಯಾಸಕ್ರಮ: ಮಾರಿಸ್ ಗೋಲ್ಡನ್‌ಬರ್ಗ್ ಅವರ 1950ರ ಪಠ್ಯಪುಸ್ತಕ ಜೈಲೋಫೋನ್, ಮರಿಂಬಾ, ವೈಬ್ರಫೋನ್ ಮೂರಕ್ಕೂ ಸೇರಿ ಬರೆದದ್ದು. ವೈಬ್ರಫೋನಿಗೇ ವಿಶಿಷ್ಟವಾದ ಪಾಠ ಸ್ಪಷ್ಟ ರೂಪ ಪಡೆದದ್ದು ಡೇವಿಡ್ ಫ್ರೀಡ್‌ಮನ್ ಅವರ 1973ರ ಪುಸ್ತಕದಲ್ಲಿ. ಅದರ ವಿಷಯವೇ ಪೆಡಲ್ ಬಳಕೆ ಮತ್ತು ಕೋಲಿನಿಂದ ನಾದ ತಡೆಯುವ ಕ್ರಮ. ಪೆಡಲ್ ಬಿಟ್ಟರೆ ಮೊಳಗುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ಮಾತ್ರ ನಿಲ್ಲಿಸಲು ಕೋಲೇ ಬೇಕು. ಪೆಡಲ್ ಒತ್ತಿಯೇ ಇಟ್ಟು ಬಲಗೈ ಹೊಸ ಸ್ವರವನ್ನು ಬಾರಿಸುವ ಗಳಿಗೆಯಲ್ಲೇ, ಎಡಗೈ ಕೋಲಿನ ತುದಿಯನ್ನು ಹಿಂದಿನ ಸ್ವರದ ಪಟ್ಟಿಯ ಮೇಲೆ ಮೆತ್ತಗೆ ಒತ್ತಬೇಕು. ತಡವಾದರೆ ಎರಡೂ ಸ್ವರಗಳು ಬೆರೆಯುತ್ತವೆ. ಜೋರಾದರೆ ಕೋಲು ತಾಗಿದ ಸದ್ದೇ ಕೇಳುತ್ತದೆ. ಆದ್ದರಿಂದ ಈ ಸಾಧನೆ ಅತಿ ನಿಧಾನಗತಿಯಲ್ಲಿ, ಎರಡು ಸ್ವರಗಳಿಂದ ಶುರುವಾಗುತ್ತದೆ.

ವೇಗವೂ ನಾಲ್ಕು ಕೋಲುಗಳ ಚಳಕವೂ ಮರಿಂಬಾ ವಾದಕರಿಗೂ ಸಾಧ್ಯ. ವೈಬ್ರಫೋನ್ ವಾದಕರ ನಿಜವಾದ ನೈಪುಣ್ಯ ಕಾಣುವುದು ಯಾವ ಸ್ವರವನ್ನು ಉಳಿಸಬೇಕು, ಯಾವುದನ್ನು ತಡೆಯಬೇಕು ಎಂಬ ನಿರ್ಧಾರದಲ್ಲಿ.